ಶಿಲುಬೆಗೆ ಹೆಗಲು ಕೊಟ್ಟವರಿಗೆ ವಂದನೆ

ಪಾಸ್ಕ ಹಬ್ಬ (ಈಸ್ಟರ್) ಬಂತು. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ. ಆರು ಭಾನುವಾರ ಕಳೆದರೆ ತಪಸ್ಸುಕಾಲದ, ಅಂದರೆ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಯ ಕಾಲದ, 40 ದಿನ. ಆದರೆ ಕಾಯಿಲೆಗೆ ಭಾನುವಾರದ ಬಿಡುವಿಲ್ಲ. ಆ 46 ದಿನವೂ ಹಾಸಿಗೆ ಹಿಡಿದವರ ಪಕ್ಕ ಕೂತ ನಿಮಗೆಲ್ಲ ಮನಸಾರೆ ವಂದನೆಗಳು.

ಮೊದಲ ವಂದನೆ ನೀವು ಆಡದೆ ಬಿಟ್ಟ ಮಾತಿಗೆ. ‘ಯಾವ ಪಾಪಕ್ಕೋ ಈ ಶಿಕ್ಷೆ’ ಎಂದು ಯಾರೂ ಅನ್ನಲಿಲ್ಲ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರಿಗೆ ಹೊಳೆದದ್ದೂ ಅದೇ ಪ್ರಶ್ನೆ; ಯೇಸು ಅದನ್ನು ತಳ್ಳಿಹಾಕಿದರು (ಯೊವಾನ್ನ 9:3). ‘ಎಲ್ಲ ದೇವರ ಚಿತ್ತ’ ಎಂಬ ಮಾತೂ ಅಷ್ಟೇ: ಅವಸರದಲ್ಲಿ ಆಡಿದರೆ ನೊಂದವರ ಬಾಯಿ ಕಟ್ಟಿಬಿಡುತ್ತದೆ. ಅದರ ಬದಲು ನೀವು ಬೈಬಲಿನ 22ನೆಯ ಕೀರ್ತನೆಯನ್ನು ಪೂರ್ತಿ ಓದಿದಿರಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ಅಳಲು, ಆಮೇಲಷ್ಟೇ ಸ್ತುತಿ. ಅಳಲನ್ನು ಹಾರಿಸಿ ಸ್ತುತಿಯನ್ನಷ್ಟೇ ಓದಿದರೆ ನೋವಿನಲ್ಲಿರುವವರು ಹೊರಗೇ ಉಳಿಯುತ್ತಾರೆ.

ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಪ್ರಾರ್ಥನೆಯಾದ ಶಿಲುಬೆ ಹಾದಿಯ 14 ಸ್ಥಳಗಳನ್ನು ಒಂದೇ ಸಲ ಮುಗಿಸಿದರೆ ರೋಗಿಗೆ ದಣಿವು. ದಿನಕ್ಕೊಂದೇ ಸ್ಥಳ, ಒಂದು ಪ್ರಾರ್ಥನೆ, ಸ್ವಲ್ಪ ಮೌನ ಎಂಬ ಕ್ರಮ ಸರಿಹೋಯಿತು. ಐದನೆಯ ಸ್ಥಳದಲ್ಲಿ ಹೆಚ್ಚು ಹೊತ್ತು ನಿಂತದ್ದು ಒಳ್ಳೆಯದೇ ಆಯಿತು. ಅಲ್ಲಿ ಯೇಸುವಿನ ಶಿಲುಬೆಗೆ ಹೆಗಲು ಕೊಡುವ ಸಿರೇನಿನ ಸಿಮೋನ ತಾನಾಗಿ ಮುಂದೆ ಬಂದವನಲ್ಲ, ಸೈನಿಕರು ಬಲವಂತವಾಗಿ ಹೊರಿಸಿದರು. ಹಗಲೂ ರಾತ್ರಿ ಆರೈಕೆಯ ಹೊರೆ ಹೊತ್ತ ಮನೆಯವರು ತಮ್ಮನ್ನು ಗುರುತಿಸಿಕೊಂಡದ್ದು ಅಲ್ಲಿಯೇ.

ಬೆಳಗ್ಗೆ ‘ಇವತ್ತಿನ ನೋವನ್ನು ಯಾರಿಗಾಗಿ ಒಪ್ಪಿಸೋಣ?’ ಎಂದು ಕೇಳಿ, ಒಂದೇ ಹೆಸರು ಹೇಳಿಸಿದ್ದೂ ದೊಡ್ಡ ಸೇವೆ. ಕೊಲೊಸ್ಸೆಯವರಿಗೆ ಬರೆದ ಪತ್ರದ 1:24 ಹೇಳುವುದು ಇದನ್ನೇ: ಕ್ರಿಸ್ತರ ಯಾತನೆಯಲ್ಲಿ ಉಳಿದದ್ದನ್ನು ನನ್ನ ದೇಹದಲ್ಲಿ ಪೂರ್ತಿಗೊಳಿಸುತ್ತೇನೆ ಎನ್ನುತ್ತಾರೆ ಪೌಲರು. ಕ್ರಿಸ್ತರ ಬಲಿಯಲ್ಲಿ ಏನೋ ಕೊರತೆಯಿತ್ತು ಎಂದು ಅದನ್ನು ಓದಬಾರದು. ನಮ್ಮ ನೋವಿಗೂ ಆ ಬಲಿಯಲ್ಲಿ ಪಾಲುಂಟು ಎಂದು ಓದಬೇಕು. ನೋವು ಕಡಿಮೆಯಾಗದ ದಿನವೂ ಆ ಹೆಸರು ಜೊತೆಗಿರುತ್ತದೆ.

ಉಪವಾಸದ ಹಟ ಬಿಡಿಸಿದವರಿಗೆ ಪ್ರತ್ಯೇಕ ವಂದನೆ. ಕಥೋಲಿಕ ಸಭೆಯ ಉಪವಾಸದ ನಿಯಮ 18ರಿಂದ 59 ವರ್ಷದವರಿಗೆ, ಅದೂ ಆರೋಗ್ಯವಂತರಿಗೆ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆಯ ಮಟ್ಟ ಕುಸಿಯಬಹುದು. ಮಾತ್ರೆಯನ್ನೇ ಬಿಡುವುದು ತಪಸ್ಸಲ್ಲ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಗೆ) ಮುಂಚಿನ ಒಂದು ಗಂಟೆಯ ಉಪವಾಸದ ನಿಯಮವನ್ನು ನೀರು, ಔಷಧಿ ಮುರಿಯುವುದಿಲ್ಲ. ರೋಗಿಗೂ ಆರೈಕೆ ಮಾಡುವವರಿಗೂ ಆ ಗಂಟೆಯ ಕಟ್ಟಳೆಯೇ ಇಲ್ಲ. ಇದನ್ನು ತಾಳ್ಮೆಯಿಂದ ಮತ್ತೆ ಮತ್ತೆ ಹೇಳಿದಿರಿ.

ಪಾಸ್ಕ ಕಾಲಕ್ಕೆ 50 ದಿನ. ಹಬ್ಬದ ಮರುದಿನವೂ ಎಂದಿನಂತೆ ಬಾಗಿಲು ತಟ್ಟಿದವರಿಗೆ ಕೈಮುಗಿಯುತ್ತೇವೆ.