ಇನ್ನೂರು ರೂಪಾಯಿಯ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಹಬ್ಬಕ್ಕೆ ಬಂದಾಗ ನೀನು ಆಡಿದ ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಬಿಟ್ಟಿ ಯೋಜನೆಗಳಿಂದ ಖಜಾನೆ ಬರಿದಾಗುತ್ತಿದೆ, ಎಲ್ಲಾದರೂ ಕಡಿತ ಮಾಡಲೇಬೇಕು ಎಂದೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಇದೇ ವಾದ ಮಾಡುವವರು ಇನ್ನೂ ಬಹಳ ಮಂದಿ ಇರುವುದರಿಂದ ಎಲ್ಲರೂ ಓದುವಂತೆ ಹಾಕಿದ್ದೇನೆ, ಬೇಸರಿಸಬೇಡ.

ಕಡಿತ ಆಗಲೇ ಆಗಿಹೋಗಿದೆ, ಯಾರೂ ಘೋಷಿಸಲಿಲ್ಲ ಅಷ್ಟೇ. ಬಡತನ ರೇಖೆಯ ಕೆಳಗಿರುವ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 1995ರಲ್ಲಿ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದಾಗ ಅದು 75 ಇತ್ತು, 2006ರಲ್ಲಿ 200 ಆಯಿತು, ಅಲ್ಲಿಗೇ ನಿಂತುಬಿಟ್ಟಿತು. ಎಂಬತ್ತು ದಾಟಿದವರಿಗೆ 2011ರಿಂದ 500, ವಿಧವೆಯರಿಗೆ 2012ರಿಂದ 300. ಆಮೇಲೆ ಎಷ್ಟು ಬಜೆಟ್ ಬಂದು ಹೋದರೂ ಈ ಅಂಕಿಗಳನ್ನು ಯಾರೂ ಮುಟ್ಟಲಿಲ್ಲ. 2006ರಿಂದೀಚೆಗೆ ಬೆಲೆಗಳು ಮೂರು ಪಟ್ಟಿಗೂ ಮೀರಿ ಏರಿವೆ. ಎಂದರೆ ಇಂದಿನ 200 ರೂಪಾಯಿಗೆ ಅಂದಿನ ಎಪ್ಪತ್ತರಷ್ಟೂ ಬೆಲೆಯಿಲ್ಲ.

ಸರ್ಕಾರಿ ನೌಕರನಾದ ನಿನಗೆ ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಆಗಲೇಬೇಕು, ಅದು ನ್ಯಾಯ. ಸಂಸದರ ಸಂಬಳವನ್ನೂ 2018ರಲ್ಲಿ ಬೆಲೆಯೇರಿಕೆಗೆ ಜೋಡಿಸಿದರು. 2025ರಲ್ಲಿ ಅದು ಒಂದು ಲಕ್ಷದಿಂದ 1.24 ಲಕ್ಷಕ್ಕೇರಿತು. ಬೇಳೆ, ಮಾತ್ರೆಗಳ ಬೆಲೆ ಸಂಸದರಿಗೂ ನಿನಗೂ ಏರುತ್ತದೆ, ಎಪ್ಪತ್ತರ ಮುದುಕಿಗೆ ಮಾತ್ರ ಏರುವುದಿಲ್ಲವೇ?

ರಾಜ್ಯ ಕೊಡುತ್ತದಲ್ಲ ಎನ್ನುತ್ತೀಯೆ. ಹೌದು. ಕರ್ನಾಟಕ 2021ರಲ್ಲಿ ಸಂಧ್ಯಾ ಸುರಕ್ಷೆಯನ್ನು 1,000ದಿಂದ 1,200ಕ್ಕೆ ಏರಿಸಿತು, ವಿಧವಾ ವೇತನವನ್ನು 800 ಮಾಡಿತು. ಅದೂ ಬೆಲೆಗಳ ಜೊತೆ ತಾನಾಗಿ ಏರುವಂಥದ್ದಲ್ಲ. ಯಾವ ಮುಖ್ಯಮಂತ್ರಿಗೆ ಯಾವಾಗ ಮನಸ್ಸು ಬರುತ್ತದೋ ಎಂದು ಕಾಯಬೇಕು. ಬಿಹಾರದಲ್ಲಿ 2025ರ ಜೂನ್‌ವರೆಗೂ ಪಿಂಚಣಿ 400 ರೂಪಾಯಿಯೇ ಇತ್ತು. ಕೇಂದ್ರ ಹಿಂದೆ ಸರಿದಷ್ಟೂ ಹೊರೆ ರಾಜ್ಯಗಳ ಮೇಲೆ ಬೀಳುತ್ತದೆ, ಬಡ ರಾಜ್ಯದ ಬಡವರೇ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಸಾಲದ್ದಕ್ಕೆ, ಈ ಕಾರ್ಯಕ್ರಮದಡಿ ಕೇಂದ್ರ ಹಣ ಕೊಡುವುದು ಹೆಚ್ಚೆಂದರೆ 3.09 ಕೋಟಿ ಜನರಿಗೆ. ವೃದ್ಧರು ಹೆಚ್ಚಿದರೂ ಪಟ್ಟಿ ಹಿಗ್ಗುವುದಿಲ್ಲ.

ಖಜಾನೆಯ ಮಾತಿಗೆ ಬರುತ್ತೇನೆ. ಈ ಇಡೀ ಕಾರ್ಯಕ್ರಮಕ್ಕೆ 2025-26ರ ಬಜೆಟ್ಟಿನಲ್ಲಿಟ್ಟದ್ದು 9,652 ಕೋಟಿ, ಅದರ ಹಿಂದಿನ ವರ್ಷವೂ ಅಷ್ಟೇ. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಖೋತಾ ಆಗುತ್ತದೆಂದು ಸರ್ಕಾರವೇ ಅಂದಾಜಿಸಿತ್ತು. ಆ ಒಂದು ವರ್ಷದ ಹಣದಲ್ಲಿ ಈ ಪಿಂಚಣಿಗಳನ್ನು ಹದಿನೈದು ವರ್ಷ ಕೊಡಬಹುದಿತ್ತು. 2017ರ ಡಿಸೆಂಬರಿನಲ್ಲಿ ಅರವತ್ತು ಅರ್ಥಶಾಸ್ತ್ರಜ್ಞರು ಹಣಕಾಸು ಸಚಿವರಿಗೆ ಪತ್ರ ಬರೆದು, ಕೇಂದ್ರದ ಪಾಲನ್ನು ಕನಿಷ್ಠ 500 ಮಾಡಿ ಎಂದು ಕೇಳಿದರು. ಅದೂ ಆಗಲಿಲ್ಲ. ಹಣವಿಲ್ಲ ಎಂಬ ಮಾತು ಮುದುಕರ ಸರದಿ ಬಂದಾಗಲೇ ಕೇಳಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ನಿನಗೆ ನೆನಪಿರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಎಂದು ಅವರ ಪಿಂಚಣಿ ಕೆಲವು ತಿಂಗಳು ನಿಂತಿತ್ತು. ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ಮಗ ಸೊಸೆ ಒಳ್ಳೆಯವರೇ, ಆದರೆ ಗಾರೆ ಕೆಲಸದ ಮಗನ ಹತ್ತಿರ ಪ್ರತಿ ತಿಂಗಳು ಕೈಚಾಚಲು ಅಜ್ಜಿಗೆ ಮನಸ್ಸಿರಲಿಲ್ಲ. ಹಣ ಮತ್ತೆ ಬರತೊಡಗಿದ ದಿನ ಮಾತ್ರೆಯ ಜೊತೆ ಮೊಮ್ಮಗಳಿಗೊಂದು ರಿಬ್ಬನ್ ತಂದರು. ಜೀವಮಾನವಿಡೀ ಕಂಡವರ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು ಮಾಡಿದವರಿಗೆ ಕೊಡುವುದನ್ನು ಬಿಟ್ಟಿ ಎಂದು ಕರೆಯಬೇಡ. ಅವರ ದುಡಿಮೆಗೆ ಭವಿಷ್ಯನಿಧಿ ಕಟ್ಟಿದವರು ಯಾರೂ ಇರಲಿಲ್ಲ.

ನಮ್ಮ ಸಂಸದರಿಗೆ ಒಂದು ಮನವಿ ಬರೆದಿದ್ದೇವೆ. ಕೇಂದ್ರದ ಪಾಲು ಹೆಚ್ಚಾಗಬೇಕು, ಮುಂದೆ ಪ್ರತಿ ವರ್ಷ ಅದು ಬೆಲೆಗಳ ಜೊತೆ ಏರಬೇಕು, ಫಲಾನುಭವಿಗಳ ಮಿತಿ ತೆಗೆಯಬೇಕು. ಇವಿಷ್ಟೇ ಬೇಡಿಕೆ. ಪ್ರತಿಯನ್ನು ನಿನಗೆ ಕಳಿಸುತ್ತಿದ್ದೇನೆ. ಒಪ್ಪಿಗೆಯಾದರೆ ಸಹಿ ಮಾಡು, ನಿನ್ನ ನೌಕರರ ಸಂಘದಲ್ಲೂ ಓದಿಸು. ಒಪ್ಪಿಗೆಯಾಗದಿದ್ದರೆ ಯಾವ ಅಂಕಿ ತಪ್ಪು, ಯಾವ ವಾದ ಸಲ್ಲದು ಎಂದು ಬರೆ. ತಿಂಗಳ ಕೊನೆಯೊಳಗೆ ಮನವಿ ಕೊಡಬೇಕಾಗಿದೆ.

ಇಂತಿ ನಿನ್ನ ಗೆಳೆಯ