ಆ ರಾಜಕುಮಾರನನ್ನು ಗೋಡೆಯಿಂದ ಇಳಿಸು

ಹಾಸನ

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಫೋನ್ ಕಟ್ ಮಾಡಿದ್ದು ನೀನೋ ನಾನೋ ಗೊತ್ತಾಗಲಿಲ್ಲ. ನಾನೇ ಅನ್ನುತ್ತಾಳೆ ನಿಮ್ಮಮ್ಮ. ಇರಲಿ. ಫೋನಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯದಲ್ಲಿ ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಮುಂದಕ್ಕೆ ಓದು.

ಸುದ್ದಿ ಕೇಳಿ ಖುಷಿಯಾಯಿತು ಅಂತ ಹೇಳುವ ಮೊದಲೇ ಬೈಯೋಕೆ ಶುರು ಮಾಡಿಬಿಟ್ಟೆ. ಖುಷಿಯಾಗಿದೆ ಕಣಮ್ಮ. ತುಂಬಾ. ಹೋದ ವರ್ಷದ ಮಾತು ಎತ್ತುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಹೆರಿಗೆ ಆಗುವವರೆಗೆ ಬಣ್ಣ ಮುಟ್ಟಲೇಬೇಡ ಅಂದೆನಲ್ಲ, ಅದು ಸ್ವಲ್ಪ ಜಾಸ್ತಿಯಾಯಿತು. ಮಕ್ಕಳ ಚಿತ್ರ ಬರೆದುಕೊಡಲು ಅಡ್ವಾನ್ಸ್ ತಗೊಂಡ ಮೇಲೆ ಕೆಲಸ ಮುಗಿಸಿಕೊಡಬೇಕು ಅಂತ ನಿನಗೆ ಹೇಳಿಕೊಟ್ಟವನೇ ನಾನು. ಆದರೆ ಫೋಟೋ ಸ್ಟುಡಿಯೋ ನಡೆಸಿದವನ ಮಾತು ಅಂತ ಒಂದಷ್ಟು ಕೇಳು. ಡಾರ್ಕ್ ರೂಮಿನಲ್ಲಿ ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆಯಲ್ಲೇ ಅರ್ಧ ಆಯಸ್ಸು ಕಳೆದವನು. ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮನನ್ನು ಆ ರೂಮಿನ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಮದುವೆ ಸೀಸನ್, ಪ್ರಿಂಟ್ ತೊಳೆಯಲು ಇನ್ನೊಬ್ಬರು ಬೇಕೇ ಬೇಕಿತ್ತು. ಆದರೂ ಬಿಟ್ಟಿರಲಿಲ್ಲ.

ಟರ್ಪೆಂಟೈನ್ ಬಾಟಲಿ ಮನೆಯಿಂದಲೇ ಆಚೆ ಹೋಗಲಿ. ವಾಸನೆ ಇಲ್ಲದ ತಿನ್ನರ್ ಅಂತ ಅಂಗಡಿಯವರು ಕೊಡುವುದನ್ನೂ ನೆಚ್ಚಬೇಡ. ವಾಸನೆ ತೆಗೆದಿರುತ್ತಾರೆ ಅಷ್ಟೇ, ಆವಿ ಎಲ್ಲಿ ಹೋಗುತ್ತದೆ? ಬ್ರಷ್ಷನ್ನು ಕುಸುಬೆ ಎಣ್ಣೆಯಲ್ಲಿ ಅದ್ದಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆದರೆ ಆಯಿತು. ಬಿಳಿ ಬಣ್ಣದ ಟ್ಯೂಬ್ ತಿರುಗಿಸಿ ಓದು. ಟೈಟಾನಿಯಂ ಆದರೆ ಸರಿ. ಫ್ಲೇಕ್ ವೈಟ್ ಅಂತ ಇದ್ದರೆ ಅದು ಸೀಸ. ಮಕ್ಕಳ ಮೈಬಣ್ಣಕ್ಕೆ ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಒಗ್ಗಲ್ಲ ಅಂತ ನೀನೇ ಹೇಳಿದ್ದೆ. ಈಗ ಬೇಡ. ತಾಯಿ ಮೈಗೆ ಸೇರಿದ ಸೀಸ ಮಗುವಿಗೂ ಹೋಗುತ್ತದೆ. ಇನ್ನು ಅಗಸೆ ಎಣ್ಣೆ ಒರೆಸಿದ ಬಟ್ಟೆ. ಮುದುರಿ ಮೂಲೆಗೆ ಎಸೆಯುವುದು ನಿನ್ನ ಹಳೇ ಚಾಳಿ. ಆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಬಟ್ಟೆ ಮುದುರಿ ಬಿದ್ದಿದ್ದರೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕು. ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಬೇಡ. ನೆಗೆಟಿವ್ ಟಚಿಂಗ್ ಮಾಡುವಾಗ ನನ್ನನ್ನು ನೋಡಿ ಕಲಿತದ್ದು ಅದು.

"ಪತ್ರ ಬರೀತಿದೀರೋ, ಸರ್ಕ್ಯುಲರ್ ಬರೀತಿದೀರೋ" ಅಂತ ನಿಮ್ಮಮ್ಮ ಕೇಳುತ್ತಿದ್ದಾಳೆ.

ಸರಿ, ವಿಷಯಕ್ಕೆ ಬರುತ್ತೇನೆ. ನಿನ್ನ ಈಸೆಲ್ ಹಿಂದೆ ಗೋಡೆಗೆ ಒಬ್ಬ ಹುಡುಗನನ್ನು ಅಂಟಿಸಿಕೊಂಡಿದ್ದೀಯಲ್ಲ, ಸ್ಪೇನಿನ ರಾಜಕುಮಾರ ಫೆಲಿಪೆ ಪ್ರಾಸ್ಪೆರೊ. ಅಲ್ಲಿನ ಚಿತ್ರಕಾರ ವೆಲಾಸ್ಕೆಸ್ 1659ರಲ್ಲಿ ಬರೆದದ್ದು, ಈಗ ವಿಯೆನ್ನಾದಲ್ಲಿದೆ ಅಂತ ನೀನೇ ಹೇಳಿದ್ದೆ. ಮೈಸೂರಿಗೆ ಬಂದಾಗ ನಾನು ಅದರ ಮುಂದೆ ಸುಮ್ನೆ ನಿಂತಿದ್ದು ನೋಡಿ ಬಣ್ಣ ಮೆಚ್ಚುತ್ತಿದ್ದೇನೆ ಅಂದುಕೊಂಡೆ ನೀನು. ಬಣ್ಣ ಚೆನ್ನಾಗೇ ಇದೆ. ಕೆಂಪು ಅಂಗಿ, ಮೇಲೆ ತೆಳ್ಳನೆ ಬಿಳಿ ಏಪ್ರನ್, ಆ ಏಪ್ರನ್ ಮೇಲೆ ದಾರಕ್ಕೆ ಕಟ್ಟಿದ ಗೆಜ್ಜೆ, ತಾಯಿತ. ಎಲ್ಲಾ ದೃಷ್ಟಿ ತಾಗಬಾರದು ಅಂತ. ನಮ್ಮ ಸ್ಟುಡಿಯೋಗೆ ಬರುತ್ತಿದ್ದ ಮಕ್ಕಳಿಗೂ ಕೆನ್ನೆಗೆ ದೃಷ್ಟಿಬೊಟ್ಟು, ಸೊಂಟಕ್ಕೆ ಉಡಿದಾರ. ನಾನು ನಗುತ್ತಿದ್ದೆ. ಅಷ್ಟು ದೊಡ್ಡ ರಾಜನ ಮನೆಯಲ್ಲೂ ಇದೇ ಭಯ ನೋಡು.

ಅಷ್ಟೆಲ್ಲ ಕಟ್ಟಿಯೂ ಆ ಮಗು ಉಳಿಯಲಿಲ್ಲ. 1661ರಲ್ಲಿ, ನಾಲ್ಕು ತುಂಬುವ ಮೊದಲೇ. ನೀನು ಅದನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ನನಗೆ ಮಾತ್ರ ಅವನ ಬಲಗೈ ಕಣ್ಣಿಂದ ಹೋಗುತ್ತಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಇಟ್ಟಿದ್ದಾನೆ. ಹಿಡಿದುಕೊಂಡಿಲ್ಲ, ಸುಮ್ನೆ ಇಟ್ಟಿದ್ದಾನೆ. ಆ ವಯಸ್ಸಿನ ಮಗು ಏನು ಸಿಕ್ಕರೂ ಬಿಗಿಯಾಗಿ ಹಿಡಿಯಬೇಕು. ನನ್ನ ಕ್ಯಾಮೆರಾ ಸ್ಟ್ಯಾಂಡ್ ಹಿಡಿದರೆ ಬಿಡಿಸಲು ಇಬ್ಬರು ಬೇಕಾಗುತ್ತಿತ್ತು. ಈ ಹುಡುಗನ ಕೈಯಲ್ಲಿ ಕಸುವೇ ಇಲ್ಲ. ಕುರ್ಚಿಯಲ್ಲಿ ಮಲಗಿರುವ ಪುಟ್ಟ ನಾಯಿಗೇ ಅವನಿಗಿಂತ ಜಾಸ್ತಿ ಜೀವ ಇದ್ದ ಹಾಗಿದೆ.

ದಿನಾ ಬೆಳಿಗ್ಗೆ ನೀನು ಅದನ್ನು ನೋಡುತ್ತಾ ಕೂರುತ್ತೀಯ. ಈ ಸಮಯದಲ್ಲಿ. ನಾನು ಶಕುನ ನೋಡುವವನಲ್ಲ, ನಿನಗೆ ಗೊತ್ತು. ಗ್ರಹಣದ ದಿನವೂ ಸ್ಟುಡಿಯೋ ತೆರೆದವನು. ಆದರೂ ಹೇಳುತ್ತಿದ್ದೇನೆ, ಅದನ್ನು ಇಳಿಸು. ಕಾರಣ ಕೇಳಬೇಡ. ಬೇಕಿದ್ದರೆ ಹೆರಿಗೆಯಾದ ಮೇಲೆ ಮತ್ತೆ ಅಂಟಿಸಿಕೋ. ಇಲ್ಲ, ಮಗುವಿಗೆ ನಾಲ್ಕು ತುಂಬಿದ ಮೇಲೆ.

ನಿನ್ನ ಕೆಲಸ ಹಗುರ ಅಂತ ನಾನು ಯಾವತ್ತೂ ಅಂದಿಲ್ಲ. ಗಿಲಕಿ ಅಲ್ಲಾಡಿಸಿ, ಕೋತಿ ಮುಖ ಮಾಡಿ, ಎಷ್ಟೋ ಮಕ್ಕಳನ್ನು ನಗಿಸಿ ಫೋಟೋ ತೆಗೆದೆ. ಅಳುವ ಮಗು ಅಂದರೆ ಫಿಲ್ಮ್ ದಂಡ. ನೀನು ಹೋಗಿ ಹೋಗಿ ಅಳುವ ಮಗುವನ್ನೇ ಬರೆದೆ. ಬಾಯಿ ಚೌಕವಾಗಿದೆ, ಗಲ್ಲ ಸುಕ್ಕುಗಟ್ಟಿದೆ, ಹುಬ್ಬಿನ ಜಾಗ ಕೆಂಪಾಗಿದೆ. ನಗು ಮುಖ ಮಾಡಿಕೊಡಿ ಅಂತ ಅವರ ಮನೆಯವರು ಕೇಳಿದಾಗ ನೀನು ಒಪ್ಪಲಿಲ್ಲ. ದುಡ್ಡು ಹೋಯಿತು ಅಂದುಕೊಂಡೆ ನಾನು. ಆಮೇಲೆ ಅವರೇ ಬಂದು ತಗೊಂಡು ಹೋದರಲ್ಲ, ಆ ವಿಷಯವನ್ನು ಇಲ್ಲಿ ಯಾರ್ಯಾರಿಗೆ ಹೇಳಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಮಗುವಿನ ಕಣ್ಣು ತಲೆಯ ಅರ್ಧಕ್ಕಿಂತ ಕೆಳಗೆ ಬರುತ್ತದೆ, ನಡುವಿಗೆ ಇಟ್ಟರೆ ಕುಳ್ಳ ಮುದುಕ ಕಾಣುತ್ತಾನೆ ಅಂತ ನೀನು ಸ್ಕೇಲ್ ಇಟ್ಟು ತೋರಿಸಿದೆ. ಜೀವನವಿಡೀ ಮಕ್ಕಳ ಮುಖಕ್ಕೇ ಫೋಕಸ್ ಮಾಡಿದವನು ನಾನು, ಅದನ್ನು ಗಮನಿಸಿರಲೇ ಇಲ್ಲ. ನೆರಳಿಗೆ ಕಪ್ಪು ಹಾಕದೆ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣಕ್ಕೆ ನೀಲಿ ಬೆರೆಸುತ್ತೀಯ. ಕೆನ್ನೆ ಉಜ್ಜಿ ಉಜ್ಜಿ ಗೊಂಬೆ ಮಾಡುವುದಿಲ್ಲ. ಬ್ರಷ್ಷಿನ ಗುರುತು ಹಾಗೇ ಬಿಡುತ್ತೀಯ. ಅಷ್ಟು ಧೈರ್ಯ ನನ್ನ ಟಚಿಂಗ್‌ನಲ್ಲಿ ಇರಲಿಲ್ಲ.

ಗೋಡೆ ಖಾಲಿ ಕಾಣುತ್ತದೆ ಅಂದರೆ ರವಿವರ್ಮನ 'ಅಗೋ ಅಪ್ಪ ಬಂದರು' ಹಾಕಿಕೋ. 1893ರದ್ದು. ಅದರಲ್ಲಿರುವುದು ಅವನ ಮಗಳು ಮಹಾಪ್ರಭಾ, ಕಂಕುಳಲ್ಲಿ ಮೊಮ್ಮಗ. ಗುಂಡುಗುಂಡಾಗಿದ್ದಾನೆ. ನಿನಗೆ ಅದು ಕ್ಯಾಲೆಂಡರ್ ಥರ ಕಾಣುತ್ತದೆ, ಗೊತ್ತು. ಕಾಣಲಿ ಬಿಡು. ಒಂದಷ್ಟು ತಿಂಗಳು ಕ್ಯಾಲೆಂಡರೇ ನೋಡು.

ಡಾರ್ಕ್ ರೂಮಿನ ಎಕ್ಸಾಸ್ಟ್ ಫ್ಯಾನ್ ಬಿಚ್ಚಿಟ್ಟಿದ್ದೇನೆ. ಮೋಟಾರ್ ಇನ್ನೂ ಗಟ್ಟಿಯಾಗಿದೆ, ಎಣ್ಣೆ ಬಿಟ್ಟು ತಿರುಗಿಸಿ ನೋಡಿದೆ. ಭಾನುವಾರ ಹೊಳೆನರಸೀಪುರದ ಮೇಲೆ ಬರುವ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನ ರೂಮಿನ ಮೇಲಿನ ಕಿಟಕಿಯ ಅಗಲ, ಎತ್ತರ ಅಳೆದು ಕಳಿಸು. ಸ್ಟೂಲ್ ಮೇಲೆ ನೀನು ಹತ್ತಬೇಡ, ಅಳಿಯಂದಿರಿಗೆ ಹೇಳು. ನಿಮ್ಮಮ್ಮ ಚಟ್ನಿಪುಡಿ, ಹುಣಸೆ ತೊಕ್ಕು ಕಟ್ಟುತ್ತಿದ್ದಾಳೆ. ಇನ್ನೇನಾದರೂ ಬೇಕಿದ್ದರೆ ಅವಳಿಗೇ ಫೋನ್ ಮಾಡು. ನಾನು ಎತ್ತಿದರೂ ಮಾತಾಡು.

ಇತಿ,
ಅಪ್ಪ