ವಾರದ ಮಸಾಲೆ ಕೆಡದಿರಲು

ಡೊಂಬಿವಲಿ

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಭಾನುವಾರ ಕೋಳಿ, ಮೀನಿನ ಗಸಿಗೆ (ಗಟ್ಟಿ ಸಾರಿಗೆ) ಅಂತ ಕಾಯಿ ಹಾಕಿ ಅರೆದಿಟ್ಟ ಮಸಾಲೆ ಗುರುವಾರಕ್ಕೆ ಹುಳಿ ವಾಸನೆ ಹೊಡೆಯುತ್ತದೆ ಅಂತ ಬರೆದಿದ್ದೀಯಲ್ಲ. ಪುಣೆಯಲ್ಲಿ ಆ ಟ್ರಾಫಿಕ್ ದಾಟಿ ರಾತ್ರಿ ಮನೆ ಸೇರುವವಳಿಗೆ ದಿನಾ ಅರೆ ಅಂತ ನಾನು ಹೇಳುವುದಿಲ್ಲ. ಊರಲ್ಲಿ ಯಾರಾದರೂ ಮೂಗು ಮುರಿದರೆ ಮುರಿಯಲಿ. ಅರೆದಿಡು, ಆದರೆ ತೆಂಗಿನಕಾಯಿಯನ್ನು ಅದರಲ್ಲಿ ಸೇರಿಸಬೇಡ.

ಮೊದಲು ಹಳಸುವುದು ಕಾಯಿಯೇ. ಹಸಿ ಕಾಯಿ ಅರೆದದ್ದು ಫ್ರಿಜ್ಜಿನಲ್ಲೂ ಒಂದೆರಡು ದಿನ, ಅಷ್ಟೇ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಇವನ್ನು ಹುರಿದು, ಪೂರ್ತಿ ಆರಿಸಿ, ನೀರು ಸೋಕಿಸದೆ ಪುಡಿ ಮಾಡು. ಬಿಸಿ ಇರುವಾಗಲೇ ಮುಚ್ಚಿದರೆ ಡಬ್ಬಿಯೊಳಗೆ ಬೆವರಿ ಗಂಟು ಕಟ್ಟುತ್ತದೆ. ಈ ಪುಡಿ ತಿಂಗಳುಗಟ್ಟಲೆ ಇರುತ್ತದೆ. ಇಲ್ಲಿ ಮುಂಬೈಯ ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲಿ ಜನ ಮಳೆಗೆ ಮುಂಚೆ, ಬೇಸಿಗೆಯಲ್ಲೇ ವರ್ಷದ ಮಸಾಲೆ ಕುಟ್ಟಿಸಿಕೊಳ್ಳುವುದು ಸುಮ್ನೆ ಅಲ್ಲ. ಸಂಜೆ ಬಂದವಳು ಪುಡಿ, ಒಂದು ಹಿಡಿ ಕಾಯಿತುರಿ, ಚೂರು ಹುಣಸೆ ಹಾಕಿ ಮಿಕ್ಸಿ ತಿರುಗಿಸು. ಐದು ನಿಮಿಷದ ಕೆಲಸ.

ಅಷ್ಟೂ ಆಗದು ಅಂದರೆ ಫ್ರೀಜರ್ ಇದೆ. ಕಾಯಿ ಹಾಕಿದ ಮಸಾಲೆಯನ್ನು ಗಟ್ಟಿಯಾಗಿ ಅರೆದು, ಅರೆದ ಕೂಡಲೇ ಐಸ್ ಟ್ರೇಗೆ ತುಂಬು. ಗಟ್ಟಿಯಾದ ಮೇಲೆ ತುಂಡುಗಳನ್ನು ತೆಗೆದು ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಕಟ್ಟು. ಚೀಲದ ಮೇಲೆ ತಾರೀಕು, ಯಾವ ಮಸಾಲೆ ಎರಡನ್ನೂ ಬರೆ. ಹೆಪ್ಪುಗಟ್ಟಿದ ಮೇಲೆ ಕೋಳಿಯದು ಯಾವುದು, ಮೀನಿನದು ಯಾವುದು ನಿನಗೇ ಗೊತ್ತಾಗುವುದಿಲ್ಲ. ಮೈನಸ್ 18 ಡಿಗ್ರಿಯಲ್ಲಿ ಎರಡು ಮೂರು ತಿಂಗಳು ರುಚಿ ನಿಲ್ಲುತ್ತದೆ. ಬೇಕಾದಷ್ಟು ತುಂಡನ್ನು ನೇರ ಕುದಿಯುವ ಪಾತ್ರೆಗೇ ಹಾಕು. ಅಡುಗೆಕಟ್ಟೆಯ ಮೇಲೆ ಕರಗಲು ಬಿಡಬೇಡ, ಕರಗಿದ್ದನ್ನು ಮತ್ತೆ ಒಳಗಿಡಬೇಡ. ಫ್ರೀಜರ್ ಕ್ರಿಮಿಗಳನ್ನು ಮಲಗಿಸುತ್ತದೆ, ಕೊಲ್ಲುವುದಿಲ್ಲ. ಗಾಜಿನ ಬಾಟಲಿಯಲ್ಲಿಡುವುದಾದರೆ ಕತ್ತಿನ ಹತ್ತಿರ ಜಾಗ ಬಿಡು. ನೀರು ಹೆಪ್ಪುಗಟ್ಟಿದಾಗ ಉಬ್ಬುತ್ತದೆ, ಬಾಟಲಿ ಒಡೆಯುತ್ತದೆ.

ಈರುಳ್ಳಿ ಟೊಮೆಟೊ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಹುರಿದಿಟ್ಟರೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಬರುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡ, ಅಲ್ಲಿ ತಂಪು ಕಡಿಮೆ. ಹಿಂದಕ್ಕೆ ತಳ್ಳಿಡು. ಒದ್ದೆ ಚಮಚ ಅದ್ದಬೇಡ ಅಂತ ನಿನಗೆ ಹೇಳಬೇಕಾಗಿಲ್ಲ, ನಿನ್ನ ಗಂಡನಿಗೆ ಹೇಳು.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಸಿ ಬೆಳ್ಳುಳ್ಳಿ ಅರೆದು ಮೇಲೆ ಎಣ್ಣೆ ಸುರಿದು ಹೊರಗಿಡುವವರಿದ್ದಾರೆ. ಎಣ್ಣೆ ಇದ್ದರೆ ಕೆಡದು ಅನ್ನುವ ನಂಬಿಕೆ. ಆದರೆ ಗಾಳಿಯಿಲ್ಲದ ಕಡೆಯೇ ಬೆಳೆಯುವ, ಬೊಟುಲಿಸಂ ಎಂಬ ಕಾಯಿಲೆ ತರುವ ವಿಷದ ಕ್ರಿಮಿ ಇದೆ. ಅದರ ವಿಷಕ್ಕೆ ವಾಸನೆಯೂ ಇರಬೇಕೆಂದಿಲ್ಲ, ಬಣ್ಣವೂ ಬದಲಾಗಬೇಕೆಂದಿಲ್ಲ. ಎಣ್ಣೆ ಹಾಕಿದ ಬೆಳ್ಳುಳ್ಳಿಯನ್ನು ಫ್ರಿಜ್ಜಿನಲ್ಲೇ ಇಟ್ಟು ನಾಲ್ಕು ದಿನದೊಳಗೆ ಮುಗಿಸು, ಇಲ್ಲ ಫ್ರೀಜರಿಗೆ ಹಾಕು. ಉಪ್ಪಿನಕಾಯಿಯ ಲೆಕ್ಕ ಬೇರೆ, ಅಲ್ಲಿ ಹುಳಿ ಉಪ್ಪು ಜಾಸ್ತಿ ಇರುತ್ತದೆ.

ನಿಮ್ಮದು ಒಂದೇ ಬಾಗಿಲಿನ ಫ್ರಿಜ್ಜಾ, ಎರಡರದ್ದಾ? ಒಂದೇ ಬಾಗಿಲಾದರೆ ಮೇಲಿನ ಪೆಟ್ಟಿಗೆ ಅಷ್ಟು ತಣ್ಣಗಾಗುವುದಿಲ್ಲ, ಎರಡು ಮೂರು ವಾರಕ್ಕಾಗುವಷ್ಟೇ ಅರೆ. ಯಾವುದೆಂದು ತಿಳಿಸು, ಮುಂದಿನ ತಿಂಗಳು ಬರುವಾಗ ಅದಕ್ಕೆ ತಕ್ಕಷ್ಟು ಬ್ಯಾಡಗಿ ಮೆಣಸು ತರುತ್ತೇನೆ.

ನಿನ್ನ ಚಿಕ್ಕಮ್ಮ